ಟೆಕ್ಲಾ ಕತ್ತರಿಸಿದ ರಾಕ್ಷಸ

ಟೆಕ್ಲಾ ಸಬೋಲ್ ತನ್ನ ಗಂಡನನ್ನೇ ಸಿನಿಮಾದಿಂದ ಕತ್ತರಿಸಿ ಹಾಕಿದಳು ಎಂದು ಪಿಟ್ಸ್‌ಬರ್ಗಿನ ನಮ್ಮ ಕೇರಿಯಲ್ಲಿ ಬಹಳ ವರ್ಷ ಜನ ಆಡಿಕೊಂಡರು. ಮಾತು ಸುಳ್ಳಲ್ಲ. ಆದರೆ ಆಡಿಕೊಳ್ಳುವವರು ಕತೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಆ ಚಿತ್ರಕ್ಕೆ ಧ್ವನಿ ಹಿಡಿದವನು ನಾನು. ಉಳಿದರ್ಧವನ್ನೂ ಕಂಡವನು.

ಟೆಕ್ಲಾ ಗಣಿ ಕಾರ್ಮಿಕನ ಮಗಳು. ನದಿಯ ಮೇಲ್ಗಡೆಯ ಊರೊಂದರಿಂದ ಬಂದು ಇಲ್ಲಿನ ಟೀವಿ ಕೇಂದ್ರದಲ್ಲಿ ಬೆರಳಚ್ಚಿನ ಕೆಲಸಕ್ಕೆ ಸೇರಿದ್ದಳು. ಆಗ ಸುದ್ದಿಯ ದೃಶ್ಯಗಳೆಲ್ಲ ಫಿಲ್ಮ್ ಸುರುಳಿಗಳಲ್ಲಿ ಬರುತ್ತಿದ್ದವು. ಅವನ್ನು ಕತ್ತರಿಸಿ ಅಂಟಿಸುತ್ತಿದ್ದ ಹೆಂಗಸು ಹೆರಿಗೆಗೆ ಹೋದಾಗ ಟೆಕ್ಲಾಳನ್ನು ಆ ಕೋಣೆಗೆ ಕಳಿಸಿದರು. ಹೆರಿಗೆಗೆ ಹೋದವಳು ವಾಪಸು ಬರಲಿಲ್ಲ, ಟೆಕ್ಲಾ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಒಮ್ಮೆ ಗಣಿಯೊಂದು ಕುಸಿಯಿತು. ಅಲ್ಲಿಂದ ಬಂದ ಸುರುಳಿಗಳಲ್ಲಿ ಹೊಗೆ ಇತ್ತು, ಸ್ಟ್ರೆಚರ್‌ಗಳಿದ್ದವು, ಗಂಟೆ ಬಾರಿಸುತ್ತಿದ್ದ ಗಾಡಿಗಳಿದ್ದವು. ಟೆಕ್ಲಾ ಅವನ್ನೆಲ್ಲ ಚಿಕ್ಕದು ಮಾಡಿ, ಗೇಟಿನ ಹತ್ತಿರ ಕಾಯುತ್ತಾ ನಿಂತ ಹೆಂಗಸರನ್ನು ಉಳಿಸಿಕೊಂಡಳು. ಅವರಲ್ಲಿ ಒಬ್ಬಳು ತನ್ನ ಮಗುವಿನ ಕೋಟಿನ ಗುಂಡಿ ಹಾಕುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಕಣ್ಣು ಮಾತ್ರ ಗಣಿಯ ಬಾಯಿಯ ಮೇಲೆ. ಅದು ಪ್ರಸಾರವಾದಾಗ ನಾನು ಒಂದು ಹೋಟೆಲಿನಲ್ಲಿ ಕೂತಿದ್ದೆ. ಊಟ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ಅಂಟಿಸಿದವರು ಯಾರೆಂದು ವಿಚಾರಿಸಿದೆ. ಹಾಗೆ ನಮ್ಮ ಸ್ನೇಹವಾಯಿತು.

ಅವಳ ಗಂಡ ಆಂಡಿ ಸೋಫಾ, ಕುರ್ಚಿಗಳಿಗೆ ಮೆತ್ತೆ ಹೊಲಿಯುವವನು. ದೊಡ್ಡ ಆಳು, ಮೆಲ್ಲನೆಯ ಮಾತು. ಅವನು ಹಾಕಿದ ಹೊಲಿಗೆ ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ಡೆನ್ನಿ ರೂರ್ಕ್ ಎಂಬುವನು ನಮ್ಮನ್ನೆಲ್ಲ ಸೇರಿಸಿದ. ಅಂಗಡಿಗಳಿಗೆ ಜಾಹೀರಾತು ಚಿತ್ರ ಮಾಡಿಕೊಂಡಿದ್ದವನು. ಕ್ಯಾಮೆರಾ ಅವನದೇ, ಹಿಡಿಯುವವನೂ ಅವನೇ. ಒಂದು ದೆವ್ವದ ಚಿತ್ರ ತೆಗೆಯಬೇಕೆಂಬುದು ಅವನ ಹಳೆಯ ಆಸೆ. ಪರಿಚಯದ ದಂತವೈದ್ಯರೊಬ್ಬರು ತಮ್ಮ ಖಾಲಿ ಮನೆಯನ್ನು ಬಿಟ್ಟುಕೊಟ್ಟರು. ಹಿಂದೆ ಉಕ್ಕಿನ ಕಾರ್ಖಾನೆಯವರು ಬಾಡಿಗೆಗಿರುತ್ತಿದ್ದ ಮೂರಂತಸ್ತಿನ ಮನೆ ಅದು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಕೊರಿನ್ ನಾಯಕಿಯಾದಳು. ಟೆಕ್ಲಾ ಸಂಕಲನ ಒಪ್ಪಿಕೊಂಡಳು. ಆಂಡಿ ರಾಕ್ಷಸನನ್ನು ಒಪ್ಪಿಕೊಂಡ.

ಒಪ್ಪಿಕೊಂಡ ಎಂದರೆ, ಚಳಿಗಾಲವಿಡೀ ಅಂಗಡಿಯ ಹಿಂಭಾಗದಲ್ಲಿ ಕೂತು ರಾಕ್ಷಸನ ವೇಷವನ್ನು ಹೊಲಿದ. ಗೋಣಿಬಟ್ಟೆಯ ಚರ್ಮ, ಕುದುರೆಕೂದಲಿನ ರೋಮ, ಒಡೆದ ಪಿಯಾನೋದ ಬಿಳಿ ಕೀಲಿಗಳಿಂದ ಹಲ್ಲು. ನಡೆದಾಗ ಹೆಗಲು ಅದುರಲೆಂದು ಒಳಗೆ ಸೋಫಾದ ಸ್ಪ್ರಿಂಗ್. ಅದನ್ನು ತೊಟ್ಟು ಅವನು ಅಂಗಡಿಯ ಮೂಲೆಯಲ್ಲಿ ಎದ್ದು ನಿಂತಾಗ ನಾನೇ ಒಂದು ಹೆಜ್ಜೆ ಹಿಂದೆ ಸರಿದಿದ್ದೆ.

ಚಿತ್ರದ ಮುಖ್ಯ ದೃಶ್ಯ ಹೀಗಿತ್ತು. ಮಧ್ಯಾಹ್ನದ ಹೊತ್ತು. ಮನೆಯಲ್ಲಿ ಒಬ್ಬಳೇ ಇರುವ ಕೊರಿನ್ ಬೀಟ್‌ರೂಟ್ ಉಪ್ಪಿನಕಾಯಿ ತರಲು ನೆಲಮಾಳಿಗೆಗೆ ಇಳಿಯುತ್ತಾಳೆ. ಅಲ್ಲಿ ಹಿಂದೆ ಕಲ್ಲಿದ್ದಲು ತುಂಬಿಡುತ್ತಿದ್ದ ಗೂಡಿನಿಂದ ರಾಕ್ಷಸ ಎರಗುತ್ತಾನೆ. ಚಿತ್ರೀಕರಣದ ದಿನ ಅವಳು ಇಳಿಯುವಾಗ ಡೆನ್ನಿಯ ಕ್ಯಾಮೆರಾದ ತಂತಿ ಅಡುಗೆಮನೆಯ ಮೇಜಿಗೆ ಸಿಕ್ಕಿಕೊಂಡು ಅವನಿಗೆ ಅವಳ ಹಿಂದೆ ಹೋಗಲಾಗಲಿಲ್ಲ. ಅವಳು ಮರೆಯಾದ ಮೇಲೂ ಕ್ಯಾಮೆರಾ ಖಾಲಿ ಬಾಗಿಲನ್ನೇ ನೋಡುತ್ತಾ ನಿಂತಿತ್ತು. ಕೆಳಗಿನಿಂದ ಅವಳು ಗುನುಗುವ ಹಾಡಷ್ಟೇ ಕೇಳುತ್ತಿತ್ತು. ಬೇರೆ ಶಾಟ್ ಇಲ್ಲದ ಕಾರಣ ಅದನ್ನೇ ಇಟ್ಟುಕೊಂಡೆವು.

ವರ್ಷದ ಕೊನೆಗೆ ಚಿತ್ರ ಒಂದು ರೂಪಕ್ಕೆ ಬಂದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಸ್ಲೊವಾಕ್ ಸಂಘದ ಸಭಾಂಗಣದಲ್ಲಿ ಕೇರಿಯವರಿಗೆ ತೋರಿಸಿದೆವು. ರಾಕ್ಷಸ ಗೂಡಿನಿಂದ ಹಾರಿ ಬಂದ. ಹೆಗಲು ಅದುರಿತು, ಹಲ್ಲು ಮಿಂಚಿತು. ಆಮೇಲೆ ಹನ್ನಾ ಅಜ್ಜಿಯ ದನಿ ಕೇಳಿತು. ಅವಳು ನಮ್ಮ ಇಗರ್ಜಿಯ ಅಡುಗೆಮನೆಗೆ ಯಜಮಾನಿ, ಕಿವಿ ಮಂದ, ಅದಕ್ಕೇ ಗಂಟಲು ದೊಡ್ಡದು.

"ಅಯ್ಯೋ, ಇದು ನಮ್ಮ ಆಂಡಿ ಅಲ್ವಾ? ನಮ್ಮನೆ ಸೋಫಾಕ್ಕೂ ಇದೇ ಬಟ್ಟೆ ಹಾಕಿದ್ದಾನೆ."

ಸಭಾಂಗಣವಿಡೀ ನಕ್ಕಿತು. ಆಂಡಿಯೂ ನಕ್ಕ. ಡೆನ್ನಿ ಮಾತ್ರ ಹೊರಗೆ ಹೋಗಿ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತ.

ಟೆಕ್ಲಾ ಅವತ್ತು ಪರದೆಯನ್ನೇ ನೋಡಿರಲಿಲ್ಲ. ಮುಂದಿನ ಸಾಲಿನಲ್ಲಿ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿಕೊಂಡು ಜನರ ಮುಖಗಳನ್ನು ನೋಡುತ್ತಿದ್ದಳು. ಮೆಟ್ಟಿಲ ಮೇಲೆ ಡೆನ್ನಿಯ ಪಕ್ಕದಲ್ಲಿ ಕೂತು ತಾನು ಕಂಡದ್ದನ್ನು ಹೇಳಿದಳು. ಖಾಲಿ ಬಾಗಿಲಿನ ಶಾಟ್ ಬಂದಾಗ ಒಬ್ಬರೂ ಕೆಮ್ಮಲಿಲ್ಲವಂತೆ. ಹನ್ನಾ ಅಜ್ಜಿಯ ಕೈ ಕತ್ತಿನ ಶಿಲುಬೆಗೆ ಹೋಗಿತ್ತಂತೆ. ಜನ ಆಗಲೇ ಹೆದರಿದ್ದರು. ರಾಕ್ಷಸ ಬಂದದ್ದೇ ಆ ಹೆದರಿಕೆ ಇಳಿದುಹೋಯಿತು.

"ಹಾಗಾದ್ರೆ ರಾಕ್ಷಸನ ಚಿತ್ರಕ್ಕೆ ರಾಕ್ಷಸನೇ ಬೇಡ್ವಾ ಟೆಕ್ಲಾ?" ಎಂದ ಡೆನ್ನಿ.

"ಬೇಕು. ಇದ್ದಾನೆ, ಅಲ್ಲೇ ಗೂಡಿನಲ್ಲಿ ಇದ್ದಾನೆ. ಹೊರಗೆ ಕರೆಯೋ ಅವಸರ ನಮಗ್ಯಾಕೆ?"

ಡೆನ್ನಿ ಮರುದಿನ ಬೆಳಿಗ್ಗೆ ಬಂದು, ಕತ್ತರಿಸಿ ನೋಡಿ ಎಂದ. ಅವನ ದೊಡ್ಡತನವೂ ಸಣ್ಣದಲ್ಲ. ಆ ರಾಕ್ಷಸನ ಮೇಲೇ ಅವನು ಇಡೀ ಚಿತ್ರವನ್ನು ಕಟ್ಟಿದ್ದ.

ಆದರೆ ಆಂಡಿಗೆ ಹೇಳಬೇಕಲ್ಲ. ನಾನಾಗಿದ್ದರೆ ಮುಂದೂಡುತ್ತಿದ್ದೆ, ಕೊನೆಗೆ ಅವನೇ ಪರದೆಯ ಮೇಲೆ ನೋಡಿಕೊಳ್ಳಲಿ ಎಂದುಕೊಳ್ಳುತ್ತಿದ್ದೆ. ಟೆಕ್ಲಾ ಆ ಜಾತಿಯವಳಲ್ಲ. ಮುಂದಿನ ಭಾನುವಾರ ನನ್ನನ್ನೂ ಊಟಕ್ಕೆ ಕರೆದಿದ್ದರು. ಬೆಣ್ಣೆಯಲ್ಲಿ ಬಾಡಿಸಿದ ಎಲೆಕೋಸಿನ ಹಲುಷ್ಕಿ ಬಡಿಸಿ, ತಾನೂ ಕೂತು, ಸುತ್ತುಬಳಸು ಮಾತಿಲ್ಲದೆ ಹೇಳಿಬಿಟ್ಟಳು.

ಆಂಡಿ ಫೋರ್ಕ್ ಕೆಳಗಿಟ್ಟ. "ಪೂರ್ತಿ ಕತ್ತರಿಸ್ತೀಯಾ?"

"ಪೂರ್ತಿ."

"ಕೈಯಾದ್ರೂ?"

"ಕೈನೂ ಇಲ್ಲ ಆಂಡಿ. ವೇಷ ಚೆನ್ನಾಗಿದೆ. ಚೆನ್ನಾಗಿದೆ ಅಂತಾನೇ ಜನ ಹೊಲಿಗೆ ನೋಡೋಕೆ ಶುರು ಮಾಡ್ತಾರೆ."

ಅವನು ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ತಟ್ಟೆ ತೊಳೆದಿಟ್ಟು, ಅಂಗಡಿಗೆ ಹೋದ. ಅಂದಿನಿಂದ ಅವರ ಮನೆಯಲ್ಲಿ ಮಾತು 'ಉಪ್ಪು ಕೊಡು', 'ಬಾಗಿಲು ಹಾಕು' ಎಂಬಷ್ಟಕ್ಕೆ ಇಳಿಯಿತು. ನಾನು ಸಮಾಧಾನ ಮಾಡೋಣವೆಂದು ಅಂಗಡಿಗೆ ಹೋದೆ. ಆಂಡಿ ಕುರ್ಚಿಯೊಂದಕ್ಕೆ ಮೊಳೆ ಹೊಡೆಯುತ್ತಿದ್ದ. ವೇಷ ಗೋಡೆಯ ಮೇಲೆ ತೂಗುತ್ತಿತ್ತು.

"ಅವಳು ಹೇಳಿದ್ದು ತಪ್ಪಾಗಿದ್ರೆ ಜಗಳ ಆಡಬಹುದಿತ್ತು ಲೂಯಿ. ಸರಿಯಾಗಿದೆ. ಏನು ಮಾಡ್ಲಿ?" ಎಂದು ಮತ್ತೆ ಮೊಳೆ ಹೊಡೆದ.

ಟೆಕ್ಲಾಳ ಕೋಣೆ ಚಪ್ಪಲಿ ರಿಪೇರಿ ಅಂಗಡಿಯ ಮೇಲಿತ್ತು. ಕತ್ತರಿಸಿದ ಫಿಲ್ಮ್ ತುಂಡುಗಳು ಬಟ್ಟೆ ಹೊದಿಸಿದ ಡಬ್ಬದ ಮೇಲೆ ಹಗ್ಗಕ್ಕೆ ಒಣಹಾಕಿದ ಶ್ಯಾವಿಗೆಯ ಹಾಗೆ ನೇತಾಡುತ್ತಿದ್ದವು. ಅವಳು ರಾಕ್ಷಸನನ್ನೆಲ್ಲ ತೆಗೆದು, ಕೊರಿನ್ ನೆಲಮಾಳಿಗೆಯಲ್ಲಿ ನಿಂತಿರುವುದನ್ನೂ ಖಾಲಿ ಬಾಗಿಲನ್ನೂ ಉದ್ದಕ್ಕೆ ಎಳೆದು ಜೋಡಿಸಿದಳು. ಈಸ್ಟರಿಗೆ ಮುಂಚಿನ ಉಪವಾಸದ ಒಂದು ಶುಕ್ರವಾರ, ಇಗರ್ಜಿಯ ಕೆಳಗಿನ ಅಡುಗೆಮನೆಯಲ್ಲಿ ಹೆಂಗಸರು ಆಲೂಗಡ್ಡೆ ತುಂಬಿ ಪಿಯರೋಗಿ ಕಡುಬು ಮಡಿಸುತ್ತಿದ್ದಾಗ, ಗೋಡೆಗೆ ಬಿಳಿ ಹಾಸಿಗೆ ಬಟ್ಟೆ ಕಟ್ಟಿ ತೋರಿಸಿದಳು. ಮೊದಲು ಎಲ್ಲರೂ ನೋಡಿದರು. ಸ್ವಲ್ಪ ಹೊತ್ತಿಗೆ ಒಬ್ಬಳು ಹಿಟ್ಟು ಗಟ್ಟಿಯಾಯಿತೇನೋ ಎಂದಳು. ಇನ್ನೊಬ್ಬಳು ನೀರು ತರಲು ಎದ್ದಳು.

ಏನು ಕೊರತೆ ಎಂದು ಟೆಕ್ಲಾ ಕೇಳಿದ್ದಕ್ಕೆ ಹನ್ನಾ ಅಜ್ಜಿ ಕೈಯ ಹಿಟ್ಟು ಒರೆಸಿಕೊಂಡು ಹೇಳಿದಳು: "ಆ ಹುಡುಗಿ ಸುಮ್ನೆ ನಿಂತಿದ್ದಾಳೆ. ನಾವೂ ಸುಮ್ನೆ ಕೂತಿದ್ದೀವಿ. ಅಲ್ಲಿ ಏನೋ ಇದೆ ಅಂತ ಅವಳಿಗೆ ಗೊತ್ತಿಲ್ಲ, ಸರಿ. ನಮಗಾದ್ರೂ ಗೊತ್ತಾಗ್ಬೇಡ್ವೇನೇ?"

ಟೆಕ್ಲಾ ಅಲ್ಲೇ ಕೂತು ಮಿಕ್ಕ ಪಿಯರೋಗಿಗಳನ್ನು ಮಡಿಸಿ ಕೊಟ್ಟು ಬಂದಳು. ಸೋತ ಮುಖವಿರಲಿಲ್ಲ. ಗಣಿಯ ಗೇಟಿನ ಹೆಂಗಸರನ್ನು ತೋರಿಸಿದಾಗ ಒಳಗೆ ಏನಾಗಿದೆ ಎಂಬುದು ನೋಡುವವರಿಗೆ ಗೊತ್ತಿತ್ತು, ಇಲ್ಲಿ ಅದನ್ನೇ ಮರೆತೆ ಎಂದು ದಾರಿಯಲ್ಲಿ ನನಗೆ ಹೇಳಿದಳು. ಕಾಯಿಸಿದರಷ್ಟೇ ಸಾಲದು, ಯಾವುದಕ್ಕೆ ಕಾಯುತ್ತಿದ್ದೇವೆ ಎಂದು ತಿಳಿದಿರಬೇಕು.

ಗೂಡಿನಲ್ಲಿ ಏನೋ ಇದೆ ಎಂದು ಜನರಿಗೆ ತಿಳಿಯಬೇಕು, ಅದು ಕಾಣಕೂಡದು. ಡೆನ್ನಿ ಗೋಡೆಯ ಮೇಲೆ ನೆರಳು ಬೀಳಿಸಿ ತೆಗೆದ. ಮಕ್ಕಳು ಕೈಬೆರಳಲ್ಲಿ ಮೊಲ ಮಾಡಿದ ಹಾಗೆ ಬಂತು. ಕೆಂಪು ದೀಪದ ಕಣ್ಣು ಇಡೋಣವೆಂದ. ಟೆಕ್ಲಾ ಬೇಡವೆಂದಳು. ಇಬ್ಬರೂ ದಾರಿ ಕಾಣದೆ ಕೂತಿದ್ದ ಒಂದು ಬೆಳಿಗ್ಗೆ ಆಂಡಿ ಮೆಟ್ಟಿಲು ಹತ್ತಿ ಬಂದ, ಕಂಕುಳಲ್ಲಿ ಒಂದು ಗಂಟು. ಬಿಚ್ಚಿ ಮೇಜಿನ ಮೇಲೆ ಹರವಿದ. ರಾಕ್ಷಸನ ಗೋಣಿಚರ್ಮವನ್ನು ಹೊಲಿಗೆ ಹೊಲಿಗೆಯಾಗಿ ಬಿಡಿಸಿ, ಒಂದೇ ಅಗಲದ ಪರದೆಯಾಗಿ ಮತ್ತೆ ಜೋಡಿಸಿದ್ದ.

"ಕಲ್ಲಿದ್ದಲ ಗೂಡಿಗೆ ಬಾಗಿಲಿಲ್ಲ. ಇದನ್ನ ಕಟ್ಟಿ. ನಾನು ಹಿಂದೆ ನಿಂತ್ಕೊಂಡು ಉಸಿರಾಡ್ತೀನಿ" ಎಂದ.

ಟೆಕ್ಲಾ ಅಂಚನ್ನು ಬೆರಳಲ್ಲಿ ಸವರಿದಳು. "ಎಲ್ಲಾ ಬಿಚ್ಚಿಬಿಟ್ಟೆಯಾ?"

"ಎಲ್ಲಾ. ಸ್ಪ್ರಿಂಗ್ ಆಗ್ಲೇ ಒಂದು ಸೋಫಾಕ್ಕೆ ಹೋಯ್ತು."

ಅವಳು ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಅವನಿಗೆ ಬಗ್ಗಿಸಿ ಕೊಟ್ಟಳು, ತನ್ನದೇ ಲೋಟದಲ್ಲಿ.

ಆ ಶನಿವಾರ ಮಧ್ಯಾಹ್ನ ಮತ್ತೆ ಆ ಮನೆಯ ನೆಲಮಾಳಿಗೆಗೆ ಇಳಿದೆವು. ಸಣ್ಣ ಕಿಟಕಿಯಿಂದ ಬರುವ ಬೆಳಕಷ್ಟೇ ಸಾಕೆಂದಳು ಟೆಕ್ಲಾ. ಕೊರಿನ್‌ಳನ್ನು ಚೌಕಟ್ಟಿನ ಒಂದು ಅಂಚಿಗೆ ಸರಿಸಿ, ಅವಳ ಹೆಗಲ ಹಿಂದೆ ದಂಡಿಯಾಗಿ ಜಾಗ ಖಾಲಿ ಬಿಡಲು ಡೆನ್ನಿಗೆ ಹೇಳಿದಳು. ಖಾಲಿ ಬಿಟ್ಟ ಜಾಗದಲ್ಲಿ ನೋಡುವವರ ಕಣ್ಣು ತಾನಾಗಿ ಹೋಗಿ ಕೂರುತ್ತದೆ. ಆ ಜಾಗದ ಕೊನೆಯಲ್ಲಿ ಪರದೆ. ಆಂಡಿ ಮೊದಲು ತಿದಿ ಊದಿದ ಹಾಗೆ ಉಸಿರು ಬಿಟ್ಟ, ಗೋಣಿ ಹಾಯಿಯಂತೆ ಉಬ್ಬಿತು.

"ಅಷ್ಟೊಂದು ಬೇಡ ಆಂಡಿ. ಮಲಗಿರೋ ಥರ."

"ಗೊರಕೆ?"

"ಗೊರಕೆ ನಾನೊಬ್ಬಳು ಕೇಳಿದ್ರೆ ಸಾಕು."

ಎಲ್ಲರೂ ನಕ್ಕೆವು. ತಿಂಗಳುಗಳಲ್ಲಿ ಅವರಿಬ್ಬರೂ ಆಡಿದ ಮೊದಲ ತಮಾಷೆ ಅದು. ಆಮೇಲೆ ಆಂಡಿ ನಿದ್ದೆಯ ಉಸಿರು ಹಿಡಿದ. ಗೋಣಿ ಕಂಡೂ ಕಾಣದಷ್ಟು ಒಳಕ್ಕೆ ಹೋಯಿತು, ಹೊರಕ್ಕೆ ಬಂತು. ಹಿಂದಿರುವವನು ಆಂಡಿ ಎಂದು ಗೊತ್ತಿದ್ದೂ ಕೊರಿನ್ ಅತ್ತ ಬೆನ್ನು ತಿರುಗಿಸಲು ಹಿಂಜರಿದಳು. ಕೊನೆಗೆ ಟೆಕ್ಲಾ ಮೆಲ್ಲಗೆ, "ಈಗ ಉಸಿರು ಕಟ್ಟು" ಎಂದಳು. ಗೋಣಿ ನಿಂತಿತು. ಅದು ಯಾಕೆಂದು ನಮಗಾರಿಗೂ ಆಗ ಅರ್ಥವಾಗಲಿಲ್ಲ.

ಇನ್ನು ನನ್ನ ಪಾಲಿನ ಜಗಳ ಉಳಿದಿತ್ತು. ಆ ದೃಶ್ಯಕ್ಕೆಂದು ನಾನು ಆರ್ಗನ್ ನುಡಿಸಿ, ಗುಡುಗು ಸೇರಿಸಿ, ಬಹಳ ಹೆಮ್ಮೆಯಿಂದ ಒಂದು ಸಂಗೀತ ಮಾಡಿದ್ದೆ.

"ಲೂಯಿ, ನೀನು ಡೋಲು ಬಾರಿಸಿ ಕಳ್ಳ ಬಂದ ಅಂತಿದ್ದೀಯ" ಎಂದಳು.

ನನಗೆ ಕೋಪ ಬಂತು. ಆದರೆ ಅವಳು ಕೇಳಿದ್ದು ವಿಚಿತ್ರವಾಗಿತ್ತು: ಆ ಮನೆಯನ್ನು ಬೆಚ್ಚಗಿಡುವ ಬಿಸಿಗಾಳಿಯ ಒಲೆಯ ಗುಂಯ್ ಸದ್ದು ಹಿಡಿದು ಕೊಡು ಎಂದಳು. ಕೊಟ್ಟೆ. ಅದನ್ನು ಕೊರಿನ್ ಅಡುಗೆಮನೆಯಲ್ಲಿರುವಾಗಿನಿಂದಲೇ ತಳದಲ್ಲಿ ಹಾಕಿಸಿದಳು. ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಮರೆತುಬಿಡುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತನ್ನಲ್ಲೇ ಇಟ್ಟುಕೊಂಡಳು.

ಅವಳು ತುಂಡುಗಳನ್ನು ಜೋಡಿಸುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಮೊದಲು ಉದ್ದನೆಯ ಶಾಟ್‌ಗಳು, ಆಮೇಲೆ ಒಂದಕ್ಕಿಂತ ಒಂದು ಗಿಡ್ಡ. ನೋಡುವವರು ಆ ಓಟಕ್ಕೆ ಒಗ್ಗಿದರು ಎನ್ನುವಾಗ ಮತ್ತೆ ತೀರಾ ಉದ್ದನೆಯದೊಂದು. ಕತ್ತರಿಸುವ ಮುಂಚೆ ಅವಳೂ ಉಸಿರು ಹಿಡಿಯುತ್ತಿದ್ದಳು. ತನಗೆ ತಡೆಯಲಾಗದಾಗ, ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ ಹೋಗಿ ಗುರುತು ಹಾಕುತ್ತಿದ್ದಳು.

ಮೇ ತಿಂಗಳಲ್ಲಿ ಅದೇ ಸಭಾಂಗಣ, ಅದೇ ಜನ, ಮಧ್ಯಾಹ್ನದ ಆಟ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದೆವು. ಸೋಫಾದ ರಾಕ್ಷಸನನ್ನು ನೋಡಿ ನಗಲೆಂದೇ ಕೆಲವರು ಬಂದಿದ್ದರು. ಆಂಡಿ ಕೂರಲಿಲ್ಲ, ಹಿಂದೆ ಬಾಗಿಲ ಹತ್ತಿರ ನಿಂತ.

ಕೊರಿನ್ ಗುನುಗುತ್ತಾ ನೆಲಮಾಳಿಗೆಗೆ ಇಳಿದಳು. ಜಾಡಿಗಳ ಧೂಳು ಒರೆಸಿದಳು. ಹಿಂದೆ ಮೂಲೆಯಲ್ಲಿ ಒಂದು ಗೋಣಿಪರದೆ, ಅಷ್ಟೇ. ಯಾರೂ ಗಮನಿಸಲಿಲ್ಲ. ಎರಡನೆಯ ಸಲ ಕಂಡಾಗ ಅದು ಸ್ವಲ್ಪ ಅಲುಗಿತು. ಗಾಳಿ ಇರಬಹುದು. ಒಂದಿಬ್ಬರು ಪಕ್ಕದವರತ್ತ ವಾಲಿದರು. ಕೊರಿನ್ ಕೈಯಿಂದ ಜಾಡಿ ಜಾರಿತು, ಅವಳು ಗಬಕ್ಕನೆ ಹಿಡಿದುಕೊಂಡಳು. ಜನ ಬೆಚ್ಚಿ, ಆಮೇಲೆ ತಮ್ಮನ್ನೇ ನೋಡಿ ನಕ್ಕರು, ಕುರ್ಚಿಗೆ ಒರಗಿದರು. ಆ ನಗು ಮುಗಿಯುವ ಮುಂಚೆಯೇ ಟೆಕ್ಲಾ ಆ ಗೋಣಿಪರದೆಯನ್ನು ಹತ್ತಿರದಿಂದ ತೋರಿಸಿದಳು. ಅದು ಉಸಿರಾಡುತ್ತಿತ್ತು.

ನಗು ಅಲ್ಲಲ್ಲೇ ಸತ್ತಿತು. ಕೊರಿನ್ ಬೆನ್ನು ತಿರುಗಿಸಿ ಇನ್ನೂ ಗುನುಗುತ್ತಿದ್ದಳು. "ಬಾ ಮಗಳೇ, ಮೇಲೆ ಬಾ" ಎಂದಳು ಹನ್ನಾ ಅಜ್ಜಿ, ಎಲ್ಲರಿಗೂ ಕೇಳುವಂತೆ. ಈ ಸಲ ಯಾರೂ ನಗಲಿಲ್ಲ.

ಆಗ ಒಲೆಯ ಸದ್ದು ನಿಂತಿತು. ಇಷ್ಟು ಹೊತ್ತು ಒಂದು ಸದ್ದು ಇತ್ತೆಂಬುದೇ ಜನರಿಗೆ ಆಗ ತಿಳಿದದ್ದು. ಕೊರಿನ್ ಹಾಡು ನಿಲ್ಲಿಸಿ ತಲೆ ಎತ್ತಿದಳು. ಕಿಟಕಿ ನೋಡಿದಳು, ಮೆಟ್ಟಿಲು ನೋಡಿದಳು, ಮೂಲೆಯನ್ನು ಮಾತ್ರ ನೋಡಲಿಲ್ಲ. ಮತ್ತೆ ಗೋಣಿಪರದೆ ಬಂತು. ಅದು ಅಲುಗುತ್ತಿರಲಿಲ್ಲ. ಒಳಗಿರುವುದು ಹೊರಟುಹೋಯಿತೇ, ಇಲ್ಲ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದೆಯೇ? ಅದನ್ನು ಹೇಳದೆಯೇ ಟೆಕ್ಲಾ ನಮ್ಮನ್ನು ಮೇಲಕ್ಕೆ ಅಡುಗೆಮನೆಗೆ ತಂದು ನಿಲ್ಲಿಸಿದಳು. ಡೆನ್ನಿಯ ತಂತಿ ಸಿಕ್ಕಿಕೊಂಡ ಆ ಖಾಲಿ ಬಾಗಿಲು. ಈಗ ಅದರಲ್ಲಿ ಹಾಡೂ ಇಲ್ಲ. ಯಾರೂ ಮೇಲೆ ಬರಲಿಲ್ಲ. ಮುಗಿಯಬಾರದೇ ಎನ್ನುವಷ್ಟು ಹೊತ್ತು ಯಾರೂ ಬರಲಿಲ್ಲ.

ದೀಪ ಹಾಕಿದಾಗ ಜನ ಕೂಡಲೇ ಏಳಲಿಲ್ಲ. ನಗಲು ಬಂದಿದ್ದ ಒಬ್ಬ ಗಟ್ಟಿಮುಟ್ಟಾದ ಲಾರಿ ಡ್ರೈವರ್ ತನ್ನ ಹೆಂಡತಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅವಳು ಬೆರಳು ಬಿಡಿಸಿಕೊಳ್ಳಬೇಕಾಯಿತು. ಡೆನ್ನಿ ಬಂದು ಟೆಕ್ಲಾಳನ್ನು ತಬ್ಬಿಕೊಂಡ. ಅವಳು ಅವನ ಹೆಗಲ ಮೇಲಿಂದ ಬಾಗಿಲ ಕಡೆ ನೋಡುತ್ತಿದ್ದಳು. ಆಂಡಿ ಒಂದು ಸಲ ತಲೆಯಾಡಿಸಿದ, ಕುರ್ಚಿಗಳನ್ನು ಮಡಿಸಲು ಶುರು ಮಾಡಿದ.

ಚಿತ್ರ ಸುತ್ತಲಿನ ಊರುಗಳ ಬಯಲು ಟಾಕೀಸುಗಳಲ್ಲಿ ಎರಡು ಬೇಸಿಗೆ ಓಡಿತು. ನಮ್ಮ ಕೇರಿಯವರು ತಂತಮ್ಮ ನೆಲಮಾಳಿಗೆಯ ಗೋಣಿಗಳನ್ನು ತೆಗೆದು ಸುಟ್ಟರೆಂದು ಡೆನ್ನಿ ಎಲ್ಲ ಕಡೆ ಹೇಳಿಕೊಂಡು ತಿರುಗಿದ. ಅದು ಅವನ ಉತ್ಪ್ರೇಕ್ಷೆ. ಸಿನಿಮಾದಲ್ಲಿ ನೀನೆಲ್ಲೂ ಕಾಣಲಿಲ್ಲವಲ್ಲ ಎಂದು ಯಾರಾದರೂ ಕೆಣಕಿದರೆ ಆಂಡಿ ಮೊಳೆಯನ್ನು ತುಟಿಯಿಂದ ತೆಗೆದು ಹೇಳುತ್ತಿದ್ದ: "ಕಾಣದೇ ಇದ್ದದ್ದೇ ನಾನು. ಸರಿಯಾಗಿ ನೋಡಿದ್ರೆ ಗೊತ್ತಾಗ್ತಿತ್ತು."

ಆಮೇಲೆ ಟೆಕ್ಲಾಳಿಗೆ ಕೆಲಸ ಹುಡುಕಿಕೊಂಡು ಬಂತು. ಹೆದರಿಸುವ ಚಿತ್ರಗಳು ಕೆಲವು, ಉಕ್ಕಿನ ಕಾರ್ಖಾನೆಗಳು ಮುಚ್ಚಿದಾಗ ತೆಗೆದ ಸಾಕ್ಷ್ಯಚಿತ್ರಗಳು ಹಲವು. ಚಿತ್ರ ಕಲಿಯುವವರಿಗೆ ಶನಿವಾರ ಪಾಠವನ್ನೂ ಹೇಳಿದಳು. ಯಂತ್ರಗಳು ಬದಲಾದವು, ಕತ್ತರಿ ಹೋಗಿ ಕಂಪ್ಯೂಟರ್ ಬಂತು. ಅವಳು ಗೊಣಗುತ್ತಲೇ ಕಲಿತಳು, ಗೊಣಗದವರಿಗಿಂತ ಚೆನ್ನಾಗಿ ಕಲಿತಳು. ಒಂದೇ ದೌರ್ಬಲ್ಯವೆಂದರೆ, ಬೇರೆಯವರು ತೆಗೆದ ದೆವ್ವದ ಚಿತ್ರವನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಮುಗೀತಾ, ಮುಗೀತಾ ಎಂದು ಆಂಡಿಯನ್ನು ಕೇಳುತ್ತಿದ್ದಳು.

ಹೋದ ವರ್ಷ ಅವಳ ತಮ್ಮನ ಮೊಮ್ಮಗಳ ಮದುವೆಯಾಯಿತು. ಮದುವೆಯ ವೀಡಿಯೊ ಜೋಡಿಸಿಕೊಟ್ಟವಳು ಟೆಕ್ಲಾ. ವಯಸ್ಸು ಎಂಬತ್ತು ದಾಟಿದೆ. ಮನೆಯವರೆಲ್ಲ ಕೂತು ನೋಡಿದೆವು. ಇಗರ್ಜಿಯ ಮುಚ್ಚಿದ ಬಾಗಿಲು, ಹುಡುಗನ ಮುಖ, ಬೆವರಿದ ಅವನ ಮೇಲ್ದುಟಿ, ಮತ್ತೆ ಬಾಗಿಲು, ಮುಂದಿನ ಸಾಲಿನಲ್ಲಿ ಗಡಿಯಾರ ನೋಡುವ ಮಾವ, ಮತ್ತೆ ಅದೇ ಬಾಗಿಲು. ಹುಡುಗಿಯ ತಾಯಿ ಕೂತಲ್ಲೇ ಮುಂದಕ್ಕೆ ಬಾಗಿದಳು. ಮಗಳು ಗಂಡನ ಜೊತೆ ಅವಳ ಪಕ್ಕದಲ್ಲೇ ಕೂತು ಕೇಕು ತಿನ್ನುತ್ತಿದ್ದಳು.

"ಬರ್ತಾಳೆ ತಾನೇ ಅತ್ತೆ?" ಎಂದು ಆ ತಾಯಿ ಕೇಳಿದಳು.

"ಸುಮ್ನಿರು" ಎಂದಳು ಟೆಕ್ಲಾ.

ಬಾಗಿಲು ತೆರೆಯಿತು. ತಾಯಿ ಅತ್ತುಬಿಟ್ಟಳು.